ಬುಗುರಿ ಮಾತಾಡ್ತಿದೀನಿ, ನಗಬೇಡಿ

ಹಲೋ... ಯಾರು ಮಾತಾಡ್ತಿರೋದು? ಹಾಂ? ಸ್ವಲ್ಪ ಜೋರಾಗಿ ಹೇಳಿ, ಈ ಕಿವಿ ಕೇಳಲ್ಲ. ತಡೀರಿ, ಬಲಗಿವಿಗೆ ಇಟ್ಕೋತೀನಿ... ಹಾಂ, ಈಗ ಹೇಳಿ. ಯಾರು?

... ಅತ್ತಿಗೆ? ನೀವಾ? ಸದ್ಯ, ದೇವರೇ ಮಾಡಿಸಿದ ಹಾಗಾಯ್ತು. ಅತ್ತಿಗೆ, ನಾನು ಬುಗುರಿ. ಫೋನು ಅಣ್ಣಂದೇ, ನಾನು ಎತ್ತಿದೀನಿ ಅಷ್ಟೆ. ಕೇಳಿ ಇಲ್ಲಿ, ನೀವು ಈಗಲೇ ನಿಮ್ಮ ತಮ್ಮನಿಗೆ ಒಂದು ಫೋನ್ ಮಾಡಿ...

... ಇಲ್ಲ, ಇಲ್ಲ. ಮೊದಲು ನಗೋದು ನಿಲ್ಸಿ.

... ಹೌದು, ಇವತ್ತಿನ ಷೋ. ನೋಡಿದ್ರಾ. ನಿಮ್ಮ ಅಕ್ಕ, ತಂಗಿ, ಎಲ್ಲ ಸೇರಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ರಾ. ಆಯ್ತು. ಅತ್ತಿಗೆ, ಅದು ನಾಟಕ ಅಲ್ಲ. ನಾನು ನಿಮ್ಮ ಗಂಡನಿಗೆ ನಿಜವಾಗಿ ಹೊಡೆದೆ.

... ಅಯ್ಯೋ, ಮತ್ತೆ ನಗ್ತೀರಲ್ಲ. ಸ್ಪೀಕರಿಗೆ ಹಾಕಿದೀರಾ? ಅವರಿಗೆಲ್ಲ ಕೇಳ್ತಿದೆಯಾ? ತೆಗೀರಿ ಅದನ್ನ. ನೀವೊಬ್ಬರೇ ಒಳಗಡೆ ಹೋಗಿ... ಮಂಡಿ ನೋವು ಗೊತ್ತು, ಆಪರೇಷನ್ ಆಗಿರೋದು ಗೊತ್ತು, ಆದ್ರೂ ಎದ್ದು ಹೋಗಿ. ಕಾಲಿಗೆ ಬೀಳ್ತೀನಿ.

... ಹೋದ್ರಾ? ಬಾಗಿಲು ಹಾಕಿದ್ರಾ? ಹಾಂ. ಈ ಫೋನಿನ ಚಾರ್ಜು ಕೆಂಪಗಾಗಿದೆ ಅತ್ತಿಗೆ, ಅದಕ್ಕೇ ಇಷ್ಟು ಅವಸರ. ನಂದು ಗೇಟಿನ ಡಬ್ಬದಲ್ಲಿದೆ, ನಮ್ಮಂಥವರ ಫೋನ್ ಒಳಗೆ ಬಿಡಲ್ಲ ಅಲ್ವಾ.

... ಎಲ್ಲಿದಾನೆ ಅಂದ್ರೆ, ಇಲ್ಲೇ. ಮೇಕಪ್ ರೂಮಲ್ಲಿ. ನೆಲದ ಮೇಲೆ ಮಲಗಿದಾನೆ. ತಲೆ ಕೆಳಗೆ ಟವಲ್ ಮಡಚಿ ಇಟ್ಟಿದೀನಿ. ಇಡುವಾಗ ಬಿಳೀದಾಗಿತ್ತು.

... ಬಣ್ಣ ಅಲ್ಲ. ಸಾಸ್ ಕೂಡ ಅಲ್ಲ. ಎಡಗಿವಿಯಿಂದ ಬರ್ತಿದೆ, ನಿಂತೇ ಇಲ್ಲ.

... ಸ್ಕ್ರಿಪ್ಟಾ? ಯಾವ ಸ್ಕ್ರಿಪ್ಟು ಅತ್ತಿಗೆ? ಸ್ಕ್ರಿಪ್ಟಲ್ಲಿ ಎಂದಾದ್ರೂ ನಾನು ಅವನ ಮೇಲೆ ಕೈ ಎತ್ತಿದ್ದುಂಟಾ? ಇಪ್ಪತ್ತಾರು ವರ್ಷ ಹೊಡೆದೋನು ಅವನು, ಸುತ್ತಿದೋನು ನಾನು. ಏಟು ಬಿದ್ದ ಕೂಡಲೇ ಗಿರಗಿರ ಸುತ್ತಿ ಬೀಳ್ತೀನಿ ಅಂತ ತಾನೆ ಬುಗುರಿ ಅನ್ನೋ ಹೆಸರು ಬಂದಿದ್ದು. ಅವನು ಊರಿಗೆಲ್ಲ ಮಾಮ, ನಾನು ಮಾಮನ ಬುಗುರಿ. ನನ್ನ ನಿಜವಾದ ಹೆಸರು ಕರೆದ್ರೆ ಈಗ ನಾನೇ ತಿರುಗಿ ನೋಡಲ್ಲ.

... ಹೌದು, ಷೋ ಮುಗಿದ ಮೇಲೆ ತನ್ನ ಕಾಲ ಮೇಲೆ ತಾನೇ ನಡ್ಕೊಂಡು ಬಂದ, ಸರಿ. ಬಾಯಿ ತುಂಬ ರಕ್ತ ಇಟ್ಕೊಂಡು ಕ್ಯಾಮೆರಾಗೆ ಕೈ ಬೀಸಿ, ಮುಂದಿನ ಭಾನುವಾರ ಮತ್ತೆ ಸಿಗೋಣ ಅಂದ. ಹಲ್ಲು ನಾಲಿಗೆ ಮೇಲಿತ್ತು ಅತ್ತಿಗೆ, ಅದನ್ನ ಉಗುಳಲಿಲ್ಲ, ಕೆನ್ನೆ ಒಳಗೆ ಇಟ್ಕೊಂಡು ನಕ್ಕ. ಅದೇ ಅವನ ದೊಡ್ಡಸ್ತಿಕೆ. ಅದೇ ಅವನ ಕಾಯಿಲೆ ಕೂಡ.

... ಯಾಕೆ ಅಂತೀರಾ. ಮಗೂಗೆ ಹೊಡೆದ.

... ಅದೇ, ಹಳದಿ ಫ್ರಾಕಿನ ಮಗು. ಯಾರೋ ನಟನೆ ಮಾಡೋ ಮಗು ಅಂದ್ಕೊಂಡ್ರಾ? ನನ್ನ ಮಗಳ ಮಗಳು. ಆರು ವರ್ಷ. ನನಗೇ ಗೊತ್ತಿರಲಿಲ್ಲ ಅತ್ತಿಗೆ. ನನ್ನ ಮಗಳನ್ನೂ ಮಗೂನೂ ಷೋ ನೋಡೋಕೆ ಅಂತ ಕರೆಸಿದಾನೆ. ಮೊದಲನೇ ಸಾಲಲ್ಲಿ ಕೂರಿಸಿದಾನೆ. ನಾನು ಖುಷಿಪಟ್ಟೆ, ಪರವಾಗಿಲ್ಲ, ಇಷ್ಟು ವರ್ಷಕ್ಕೆ ಒಂದು ಮರ್ಯಾದೆ ಕೊಟ್ಟ ಅಂತ. ಷೋ ಮಧ್ಯದಲ್ಲಿ ಮೇಲಕ್ಕೆ ಕರೆದ. ಪುಟಾಣಿ ಬುಗುರಿ ಅಂದ. ನನಗೆ ಕೊಡೋ ಉಡುಗೊರೆಯಂತೆ.

... ಹಾಂ? ಇಲ್ಲ, ಬೇಕಂತ ಹೊಡೆದ ಅಂತ ನಾನು ಹೇಳ್ತಿಲ್ಲ. ಗಾಳಿಗೇ ಬೀಸಿದ. ನಿಮಗೆ ಗೊತ್ತಲ್ಲ ನಮ್ಮ ಕೆಲಸ. ಬೀಸೋನು ಗಾಳಿಗೆ ಬೀಸಬೇಕು, ತಿನ್ನೋನು ಅದೇ ಗಳಿಗೇಲಿ ಮುಖ ತಿರುಗಿಸಿ, ಹೊಟ್ಟೆ ಹತ್ರ ತನ್ನ ಕೈ ತಾನೇ ತಟ್ಟಬೇಕು. ಶಬ್ದ ನಂದು, ಹೆಸರು ಅವನದು. ಮಗೂಗೆ ಅದನ್ನ ಯಾರೂ ಕಲಿಸಬೇಕಾಗಿರಲಿಲ್ಲ. ನಡೆಯೋಕೆ ಬಂದಾಗಿಂದ ಟಿವಿ ಮುಂದೆ ನಿಂತು ನನ್ನ ಹಾಗೇ ತಿರುಗೋಳು, ಸುತ್ತೋಳು, ಬೀಳೋಳು. ಮನೆಯವರೆಲ್ಲ ನಕ್ಕು ನಕ್ಕು ಮುದ್ದು ಮಾಡಿದ್ವಿ.

... ಅಲ್ಲೇ ಅತ್ತಿಗೆ ಎಡವಟ್ಟಾಗಿದ್ದು. ಟಿವಿ ನೋಡಿ ಕಲಿತ್ರೆ ಏನಾಗುತ್ತೆ ಹೇಳಿ? ಕನ್ನಡಿ ನೋಡಿದ ಹಾಗೆ. ನಾನು ನನ್ನ ಬಲಕ್ಕೆ ತಿರುಗಿದ್ರೆ, ಎದುರಿಗೆ ನಿಂತಿರೋ ಅವಳು ತನ್ನ ಎಡಕ್ಕೆ ತಿರುಗ್ತಾಳೆ. ಮನೇಲಿ ಯಾರೂ ಕೈ ಬೀಸಲ್ಲ, ಹಾಗಾಗಿ ಯಾರಿಗೂ ಹೊಳೀಲಿಲ್ಲ. ಇವತ್ತು ಅವನು ಬಲಗೈ ಬೀಸಿದ. ಮಗು ಎಡಕ್ಕೆ ತಿರುಗ್ತು. ಕೈ ಬರೋ ಕಡೆಗೇ. ತಾನಾಗೇ ಬಂದು ಅಂಗೈಗೆ ಮುಖ ಕೊಟ್ಟ ಹಾಗೆ.

... ಅಳಬೇಡಿ ಅಂತಲೂ ಹೇಳಲ್ಲ, ನಗಬೇಡಿ ಅಂತಲೂ... ಇಲ್ವಾ? ನೀವು ಅಳ್ತಿಲ್ವಾ? ಮತ್ತೆ ಏನದು ಸದ್ದು? ನೀರು ಕುಡೀತಿದೀರಾ. ಸರಿ.

... ಒಪ್ಪಿದೆ ಅತ್ತಿಗೆ, ತಪ್ಪಾಗಿ ಬಿತ್ತು. ಆದ್ರೆ ಅಲ್ಲಿಗೇ ನಿಲ್ಲಿಸಬಹುದಿತ್ತಲ್ವಾ? ಮಗು ಬಿತ್ತು. ಕಿವಿ ಹಿಡ್ಕೊಂಡು ಬಿತ್ತು. ಜನರೆದುರಿಗೆ ಒಂದು ಕೆಂಪು ದೀಪ ಇದೆ ನೋಡಿ, ಹತ್ತಿದ್ರೆ ನಗಬೇಕು ಅಂತ. ಅದು ಹತ್ಕೊಂಡ್ತು. ಅಷ್ಟೂ ಜನ ನಕ್ರು. ಮಗು ಜನರನ್ನ ನೋಡ್ತು. ನನ್ನ ನೋಡ್ತು. ಆಮೇಲೆ ಎದ್ದು ನಿಂತು ಸುತ್ತಿತು ಅತ್ತಿಗೆ. ಅಳ್ತಾ ಅಳ್ತಾ ಒಂದು ಸುತ್ತು ಸುತ್ತಿತು. ತಾತ ಸುತ್ತುತಾನೆ ತಾನೆ, ತಾನೂ ಸುತ್ತಬೇಕು ಅಂತ. ಇವನು ಮೈಕ್ ಹಿಡ್ಕೊಂಡು, ರಕ್ತದಲ್ಲೇ ಬಂದಿದೆ ನೋಡ್ರಪ್ಪ ಅಂದ.

... ಆಗ ಹೊಡೆದೆ.

... ಮೂಗಿಗೆ. ಮೂಳೆ ಮುರಿದಿದ್ದು ಅವನ ಕಾಲರಿನ ಮೈಕಲ್ಲೇ ಇಡೀ ಹಾಲಿಗೆ ಕೇಳ್ತು. ಜನ ಎದ್ದು ನಿಂತು ಶಿಳ್ಳೆ ಹೊಡೆದ್ರು. ಎರಡನೇದು ಬಾಯಿಗೆ. ವಿಗ್ ಹಾರಿ ಹೋಗಿ ಡ್ರಮ್ ಬಾರಿಸೋನ ಮುಂದೆ ಬಿತ್ತು, ಅವನು ಅದಕ್ಕೆ ಸರಿಯಾಗಿ ಒಂದು ಡಬ್ ಅಂತ ಬಾರಿಸಿದ. ಆಮೇಲೆ ಕೆಳಗೆ ಕೆಡವಿ ಎದೆ ಮೇಲೆ ಕೂತು ಹೊಡೆದೆ. ಎಷ್ಟು ಅಂತ ಗೊತ್ತಿಲ್ಲ. ನಿರ್ದೇಶಕ ಗಾಜಿನ ಕೋಣೆಯಿಂದ ಕಿವಿಗೆ ಹಾಕಿರೋ ಯಂತ್ರದಲ್ಲಿ ಕೂಗ್ತಿದ್ದ, ಬಿಡಬೇಡಿ, ಮುಂದುವರಿಸಿ, ಜಾಹೀರಾತು ಬೇಡ, ಹೀಗೇ ಹೋಗ್ಲಿ ಅಂತ. ನಿಮ್ಮ ಅಕ್ಕ ಅತಿ ಹೆಚ್ಚು ನಕ್ಕಿದ್ದು ಅಲ್ಲೇ ಇರಬೇಕು.

... ಬಿಡಿಸೋಕಾ? ಯಾರು ಬರ್ತಾರೆ? ಎಲ್ಲರಿಗೂ ಅದು ಆಟ. ಮಾಮನ ಷೋಲಿ ಏಟು ಬಿದ್ರೆ ಆಟ ಅಂತ ಇಪ್ಪತ್ತಾರು ವರ್ಷದಿಂದ ಕಲಿಸಿದೀವಲ್ಲ. ಮಗಳೊಬ್ಬಳಿಗೆ ಗೊತ್ತಾಯ್ತು. ಅವಳು ಮಗೂನ ಎತ್ಕೊಂಡು ಓಡಿದ್ಲು, ಮೇಕಪ್ ಅಕ್ಕ ಜೊತೇಲಿ ಹೋದ್ಲು. ಕಿವಿ ಡಾಕ್ಟರ ಹತ್ರ. ಇನ್ನೂ ಏನೂ ತಿಳಿದಿಲ್ಲ. ನನಗೆ ಹೋದ ಕಿವೀನೇ ಅವಳಿಗೂ, ಎಡಗಿವಿ.

... ನನ್ನ ಕಿವಿ ಹೇಗೆ ಹೋಯ್ತು ಅಂತ ನಿಮಗೆ ಗೊತ್ತಿಲ್ವಾ? ನೀವೇ ಹನಿ ಹಾಕಿದ್ರಿ. ಸೋಫಾ ಮೇಲೆ ಮಲಗಿಸಿ, ನಿಮ್ಮ ಕೈಯಾರೆ ಹತ್ತಿ ಇಟ್ಟಿದ್ರಿ. ನೆಗಡಿಯಿಂದ ಅಂತ ಹೇಳಿದ್ನಾ ಅವನು? ಹಾಂ, ಹೇಳಿರ್ತಾನೆ. ಮೊದಲು ಹಳೇ ಕ್ಯಾಮೆರಾ ಇತ್ತು, ಮಬ್ಬು ಮಬ್ಬು, ಕೈಗೂ ಕೆನ್ನೆಗೂ ಗೇಣು ಜಾಗ ಬಿಟ್ರೂ ಕಾಣ್ತಿರಲಿಲ್ಲ. ಆಮೇಲೆ ಹೊಸ ಕ್ಯಾಮೆರಾ ಬಂತು, ಮುಖದ ರಂಧ್ರ ಕೂಡ ಕಾಣೋ ಅಂಥದ್ದು. ಸುಳ್ಳೇಟು ಸುಳ್ಳು ಅಂತಲೇ ಕಾಣ್ತು. ಅವತ್ತಿಂದ ನಿಜವಾಗಿ ಹೊಡೆಯೋಕೆ ಶುರು ಮಾಡಿದ. ತಡ್ಕೋ ತಮ್ಮ, ಇದು ನಮ್ಮಿಬ್ಬರ ಹೊಟ್ಟೆಪಾಡು ಅಂದ. ತಡ್ಕೊಂಡೆ.

... ಇಲ್ಲ, ಅದಕ್ಕೆ ಸೇಡು ಅಲ್ಲ. ನನಗೆ ಬಿದ್ದಿದ್ದಕ್ಕೆ ಒಂದು ದಿನಾನೂ ಸಿಟ್ಟು ಮಾಡಿದೋನಲ್ಲ. ಪರದೆ ಎಳೀತಿದ್ದೋನು ನಾನು ಅತ್ತಿಗೆ. ಅವನಿಗೆ ಅವತ್ತು ನೇರಪ್ರಸಾರದಲ್ಲಿ ಮಾತು ಮರೆತು ಹೋಯ್ತು, ನಾನು ಗೊತ್ತಿಲ್ಲದೆ ಕ್ಯಾಮೆರಾ ಮುಂದೆ ಹಾದು ಹೋದೆ, ಏನು ಮಾಡಬೇಕು ತಿಳೀದೆ ನನಗೊಂದು ಬೀಸಿದ. ನಾನೂ ತಿಳೀದೆ ಸುತ್ತಿದೆ. ಆ ನಗು ಇದೆಯಲ್ಲ, ಅದರ ಮೇಲೆ ಕಟ್ಟಿದ್ದು ಇಷ್ಟೂ. ದಂಪತಿಗಳ ಆಟ, ಹಾಡಿನ ಆಟ, ಫೋನಲ್ಲಿ ಜನರನ್ನ ಬೇಸ್ತು ಬೀಳಿಸೋ ಟೋಪಿ ಫೋನು, ಪ್ರಶಸ್ತಿ ಸಮಾರಂಭ, ಸೋಪಿನ ಜಾಹೀರಾತು, ನಿಮ್ಮ ಮನೆ, ನನ್ನ ಮನೆ, ಎಲ್ಲ. ಕೂದಲು ಉದುರಿದ್ರೆ ವಿಗ್ ಹಾಕ್ದ, ಹಲ್ಲು ಹಳದಿಯಾದ್ರೆ ಬಿಳಿ ಮಾಡಿಸ್ದ, ಆದ್ರೆ ಏಟು ಬಿಡಲಿಲ್ಲ. ಏಟಿಲ್ಲದ ವಾರ ಜನ ಚಾನೆಲ್ ಬದಲಾಯಿಸ್ತಾರೆ ಅಂತ ಅವನಿಗೆ ಹೆದರಿಕೆ.

... ಇರಿ, ಹೇಳ್ತೀನಿ. ಇಲ್ಲಿ ಒಳಗೆ ಬಂದ ಮೇಲೆ ನಡೆದಿದ್ದು ಬೇರೆ. ಅದನ್ನ ನೀವು ಟಿವೀಲಿ ನೋಡಿಲ್ಲ. ನಾನು ಕ್ಷಮೆ ಕೇಳೋಕೆ ಅಂತಲೇ ಬಂದೆ ಅತ್ತಿಗೆ, ನಂಬಿ. ಕನ್ನಡಿ ಮುಂದೆ ಕೂತು ಮೂಗು ಒರೆಸ್ಕೊಳ್ತಿದ್ದ. ನನ್ನ ನೋಡಿ ನಕ್ಕ. ಷೋ ಏನ್ ಸೊಗಸಾಗಿ ಬಂತಲ್ಲೋ ಇವತ್ತು, ಅಂದ. ಜನ ಮಗೂನ ತಲೆ ಮೇಲೆ ಕೂರಿಸ್ಕೊಂಡ್ರು, ಮುಂದಿನ ವಾರದಿಂದ ಅವಳೇ ಇರ್ಲಿ, ನಿನಗೂ ವಯಸ್ಸಾಯ್ತು, ಮನೇಲಿರು, ಯಾವ ಕಡೆ ತಿರುಗಬೇಕು ಅಂತ ಒಂದು ವಾರ ಚೆನ್ನಾಗಿ ಅಭ್ಯಾಸ ಮಾಡ್ಸು ಸಾಕು, ಅಂದ.

... ಸ್ಟೂಲು. ಕಬ್ಬಿಣದ್ದು. ತಲೆಗೆ. ಕೂತಲ್ಲಿಂದ ಪಕ್ಕಕ್ಕೆ ಹೋದ, ಕಿವಿ ಹತ್ರ ವಾಷ್‌ಬೇಸಿನ್ ಅಂಚು ಬಡೀತು. ಅಂಚು ಒಡೆದು ಕೆಳಗೆ ಬಿದ್ದಿದೆ. ಇನ್ನೊಂದು ಏಟು ಹಾಕೋಕೆ ಸ್ಟೂಲ್ ಎತ್ತಿದ್ದೆ. ಸಾಯಿಸಬೇಕು ಅಂತಲೇ ಎತ್ತಿದ್ದೆ, ನಿಮ್ಮ ಹತ್ರ ಯಾಕೆ ಮುಚ್ಚುಮರೆ. ಆಗ ಅವನು ಸುತ್ತಿದ ಅತ್ತಿಗೆ. ನೆಲದ ಮೇಲೆ ಬಿದ್ದಲ್ಲೇ ಕಾಲು ಒಂದು ಸಲ ಗಿರ್ರನೆ ಹೋಯ್ತು, ಆಮೇಲೆ ನಿಂತುಬಿಡ್ತು. ನನ್ನ ಕೈಯಿಂದ ಸ್ಟೂಲ್ ಬಿತ್ತು.

... ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ ಅಂತಾರಲ್ಲ, ಹಾಗಾಯ್ತು. ಜೈಲಿಗೆ ಹೋಗ್ತೀನಿ, ಅದು ಆಮೇಲಿನ ಮಾತು. ಈಗ ಇವನು ಬದುಕಬೇಕು. ನನಗೆ ಇವನು ಬೇಕು ಅತ್ತಿಗೆ. ಇವನಿಗೆ ಹೊಡೆದ ಕೈ ನಂದೇ, ಇವನು ಹೋದ್ರೆ ಅಳೋ ಮೊದಲನೇ ಮನುಷ್ಯಾನೂ ನಾನೇ.

... ಆಂಬುಲೆನ್ಸಿಗೆ ಈ ಫೋನಿಂದಲೇ ಮಾಡ್ದೆ, ಲಾಕ್ ಆಗಿದ್ರೂ ತುರ್ತು ನಂಬರಿಗೆ ಮಾತ್ರ ಹೋಗುತ್ತಲ್ಲ. ಮಾಡದೆ ಇರ್ತೀನಾ? ಅಲ್ಲಿ ಕೂತಿದ್ದ ಹುಡುಗಿ ನನ್ನ ದನಿ ಕೇಳಿದ ಕೂಡಲೇ, ಬುಗುರಿ ಸಾರ್, ಹೋದ ವರ್ಷ ನಮ್ಮನ್ನ ಟಿವೀಲಿ ಮಂಗ ಮಾಡಿದ್ದು ಸಾಲದಾ, ನಮ್ಮ ಮ್ಯಾನೇಜರು ಬೈತಾರೆ, ಅಂತ ನಗ್ತಾ ಇಟ್ಟುಬಿಟ್ಲು. ಮತ್ತೆ ಮಾಡ್ದೆ. ಫೋನನ್ನ ಪಕ್ಕದಲ್ಲಿರೋಳಿಗೆ ಕೊಟ್ಲು, ಅವಳು ಡೈಲಾಗ್ ಹೇಳಿ ಸಾರ್ ಅಂದ್ಲು. ಪೊಲೀಸಿಗೂ ಮಾಡ್ದೆ. ಠಾಣೇಲಿ ಟಿವಿ ಹಾಕ್ಕೊಂಡು ನೋಡ್ತಿದ್ರಂತೆ. ಸೂಪರ್ ಹೊಡೆದ್ರಿ ಬುಗುರಿ ಅಂದ್ರು.

... ಇಲ್ಲಿಯವರಾ? ಎಲ್ಲ ಕೆಳಗಡೆ ಊಟಕ್ಕೆ ಸೇರಿದಾರೆ, ಹಾಡು ಹಾಕಿದಾರೆ. ಮೆಟ್ಟಿಲ ಹತ್ರ ಹೋಗಿ ಕೂಗ್ದೆ. ಈ ಬಟ್ಟೆ, ಈ ಪಟ್ಟೆ ಪಟ್ಟೆ ಕೋಟು, ಕೈ ತುಂಬ ರಕ್ತ. ತಟ್ಟೆ ಹಿಡ್ಕೊಂಡೇ ಎಲ್ಲರೂ ತಿರುಗಿ ಹೋ ಅಂದ್ರು. ಸಾಕು ಬುಗುರಿ, ಪಾತ್ರದಿಂದ ಹೊರಗೆ ಬಾ, ಊಟ ಆರ್ತಿದೆ ಅಂದ ನಿರ್ದೇಶಕ. ಕಾಲರ್ ಹಿಡಿದು ಎಳೆದ್ರೆ, ಅವನೂ ಒಂದು ಸುತ್ತು ಸುತ್ತಿ ಬಿದ್ದ. ನಾಲ್ಕು ಜನ ಚಪ್ಪಾಳೆ. ನಗೋರ ಮುಂದೆ ಎಡವಿ ಬೀಳಬಾರದು ಅಂತಾರೆ, ನಾವು ಬಿದ್ದೇ ಬದುಕಿದೋರು ನೋಡಿ. ಎತ್ಕೊಂಡು ಹೋಗೋಣ ಅಂದ್ರೆ ನನ್ನ ಬಲಗೈ ಬೆರಳು ಮುರಿದಿದೆ, ಅವನ ತೂಕ ನಿಮಗೇ ಗೊತ್ತು. ಬಾಗಿಲವರೆಗೆ ಎಳೆದೆ, ಕಿವಿಯಿಂದ ಇನ್ನೂ ಜಾಸ್ತಿ ಬಂತು. ಬಿಟ್ಟೆ.

... ಅದಕ್ಕೇ ಹೇಳ್ತಿರೋದು, ನಿಮ್ಮ ತಮ್ಮ ಡಾಕ್ಟರಲ್ವಾ. ಅವರ ಆಸ್ಪತ್ರೆಯಿಂದ ಗಾಡಿ ಕಳಿಸೋಕೆ ಹೇಳಿ. ನೀವು ಹೇಳಿದ್ರೆ ನಂಬ್ತಾರೆ. ನನ್ನ ದನಿ ಯಾರೂ ನಂಬಲ್ಲ.

... ಗೊತ್ತಿತ್ತು. ನೀವು ಇದನ್ನ ಕೇಳ್ತೀರಿ ಅಂತ ಗೊತ್ತಿತ್ತು. ಹೌದು, ಅವತ್ತು ಫೋನ್ ಮಾಡಿದ್ದೂ ನಾನೇ. ಅಣ್ಣನ ಕಾರು ಲಾರಿಗೆ ಗುದ್ದಿದೆ ಅತ್ತಿಗೆ ಅಂತ ಹೇಳಿದ್ದು ನಾನೇ. ಟೋಪಿ ಫೋನಲ್ಲಿ ಗಂಭೀರವಾಗಿ ಮಾತಾಡೋ ಪಾಲು ಯಾವಾಗ್ಲೂ ನಂದು, ಕೊನೇಲಿ ಬಂದು, ಹಳ್ಳಕ್ಕೆ ಬಿದ್ರಲ್ಲಾ, ಈಗ ನಕ್ಕುಬಿಡಿ, ಅನ್ನೋ ಪಾಲು ಅವನದು. ನೀವು ಅವತ್ತು ಅತ್ತಿದ್ದನ್ನ ಊರೆಲ್ಲ ಎಷ್ಟು ಸಲ ನೋಡ್ತು, ನೀವು ಒಂದು ತಿಂಗಳು ಅಂಗಡಿಗೂ ಹೋಗಲಿಲ್ಲ. ನನ್ನ ಜೊತೆ ಮಾತೂ ಬಿಟ್ಟಿದ್ರಿ. ಇನ್ನೊಂದು ಸಲ ನಮ್ಮ ಆಟಕ್ಕೆ ಅಳಲ್ಲ ಅಂದಿದ್ರಿ. ನಂಗೆ ನೆನಪಿದೆ.

... ಇಲ್ಲ ಅತ್ತಿಗೆ, ಕ್ಯಾಮೆರಾ ಇಲ್ಲ. ಕನ್ನಡಿ ಹಿಂದೆಯೂ ಇಲ್ಲ. ನನ್ನ ಮೊಮ್ಮಗಳಾಣೆ... ಅವಳ ಆಣೆ ಇಟ್ಮೇಲೂ ಅನುಮಾನವಾ?

... ಹಲೋ? ಇದೀರಾ?

... ಹಾಂ. ಬೇಕಾದ್ರೆ ಉಸಿರು ಕೇಳಿ. ಫೋನನ್ನ ಅವನ ಬಾಯಿ ಹತ್ರ ಹಿಡೀತೀನಿ, ನೀವು ಏನೂ ಮಾತಾಡಬೇಡಿ, ಸುಮ್ಮನೆ ಕೇಳಿ...

... ಕೇಳ್ತಾ? ಗೊರಗೊರ ಅಂತಿದೆಯಲ್ಲ, ಅದನ್ನ ಯಾವ ನಟನೂ ಮಾಡೋಕಾಗಲ್ಲ. ನಿಮ್ಮ ಪಕ್ಕ ಮೂವತ್ತು ವರ್ಷ ಮಲಗಿದಾನೆ, ಅವನ ಉಸಿರು ನಿಮಗೆ ಗೊತ್ತಿರಲ್ವಾ? ಇದು ಅವನ ಗೊರಕೆಯಾ? ಹೇಳಿ, ಇದು ಗೊರಕೆಯಾ?

... ಅಲ್ಲ ಅಂದ್ರಿ. ಅಲ್ಲ ಅಂದ್ರಲ್ಲ, ಸಾಕು. ಅಳಿ ಅತ್ತಿಗೆ, ಪರವಾಗಿಲ್ಲ, ಅಳ್ತಾನೇ ಫೋನ್ ಮಾಡಿ. ನನ್ನ ಬೈಯೋದಿದ್ರೆ ಆಮೇಲೆ ಬೈರಿ, ಚಪ್ಪಲೀಲಿ ಹೊಡೀರಿ, ನಾನು ಎಲ್ಲೂ ಓಡಲ್ಲ. ಇಟ್ಟುಬಿಡಿ ಈಗ, ತಮ್ಮನಿಗೆ ಮಾಡಿ.

... ಹಾಂ? ಒಂದು ಮಾತಾ? ಅವನ ಬಾಯಿಂದಲಾ? ಅತ್ತಿಗೆ, ಪ್ರಜ್ಞೆ ಇದ್ದೂ ಇಲ್ಲದ ಹಾಗಿದಾನೆ, ಏನು ಮಾತಾಡ್ತಾನೆ... ಹೌದು, ನಿಮಗೆ ಭಯ, ನಂಗೆ ಅರ್ಥವಾಗುತ್ತೆ. ಗಾಡಿ ಕರೆಸಿ, ತಮ್ಮನ ಮುಂದೆ, ಆಸ್ಪತ್ರೆ ಮುಂದೆ ಮತ್ತೆ ನಗೆಪಾಟಲಾದ್ರೆ ಅಂತ. ಹೆಸರು ಹಿಡಿದು ಕರೆದ್ರೆ ಸಾಕಾ? ನಿಮ್ಮ ಹೆಸರು ಹೇಳಿದ್ರೆ ಸಾಕಾ? ಆಯ್ತು. ಆಯ್ತು, ನೋಡ್ತೀನಿ. ಇಡಬೇಡಿ.

... ಅಣ್ಣಾ. ಅಣ್ಣಾ, ಕಣ್ಣು ಬಿಡು. ಇಲ್ಲಿ ನೋಡು. ಫೋನ್ ಬಂದಿದೆ. ಫೋನಲ್ಲಿ ಅತ್ತಿಗೆ. ಒಂದು ಸಲ ಹೆಸರು ಹಿಡಿದು ಕರಿ, ಅಷ್ಟೆ. ಹಾಂ, ಕಣ್ಣು ಬಿಟ್ಟ. ಅತ್ತಿಗೆ, ಕಣ್ಣು ಬಿಟ್ಟ. ನೀವೂ ಕರೀರಿ ಒಂದು ಸಲ, ನಿಮ್ಮ ದನಿ ಕೇಳ್ಲಿ... ಕೇಳ್ತಿದೆ ಅವನಿಗೆ. ತುಟಿ ಆಡಿಸ್ತಿದಾನೆ. ಅಳ್ತಾನೇ ಕರೀರಿ, ಅವನಿಗೆ ಕೇಳ್ತಿದೆ.

... ಹೇಳು ಅಣ್ಣ. ಫೋನ್ ಬಾಯಿ ಹತ್ರಾನೇ ಇದೆ. ಅತ್ತಿಗೆ ಅಳ್ತಿದಾರೆ, ಕೇಳಿಸ್ತಾ? ಹೇಳು...

... ಅಣ್ಣಾ, ಅದಲ್ಲ. ಆ ಮಾತಲ್ಲ. ಹಳ್ಳಕ್ಕೆ ಬಿದ್ರಲ್ಲಾ, ಈಗ ನಕ್ಕುಬಿಡಿ ಅಂತೀಯಲ್ಲ, ಅದು ಷೋ ಮಾತು ಕಣೋ. ಷೋ ಮುಗೀತು. ಇವರು ನಿನ್ನ ಹೆಂಡ್ತಿ. ಫೋನಲ್ಲಿ ಯಾರಾದ್ರೂ ಅತ್ರೆ ಅದೊಂದೇನಾ ನಿನ್ನ ಬಾಯಿಗೆ ಬರೋದು? ನಗಬೇಡ, ಹಲ್ಲೆಲ್ಲ ರಕ್ತ, ನಗಬೇಡ...

... ಅತ್ತಿಗೆ? ಅತ್ತಿಗೆ, ಇಲ್ಲ, ಅವನಿಗೆ ಎಚ್ಚರ ಇಲ್ಲ, ಅಭ್ಯಾಸಕ್ಕೆ ಬಂದ ಮಾತು ಅದು... ನಗ್ತಿದೀರಾ? ಸದ್ಯ ಅಂತೀರಾ? ಯಾಕೆ ಸದ್ಯ? ಹೆದರಿಸಿದ್ದಕ್ಕೆ ಅವನಿಗೆ ಮನೇಲಿ ಊಟ ಹಾಕಲ್ಲ ಅಂತೀರಾ? ಅತ್ತಿಗೆ, ಅವನು ಮನೆಗೆ ಬರಲ್ಲ. ಗಾಡಿ ಬರದೆ ಇದ್ರೆ ಬರಲ್ಲ. ಕೇಳಿ ಇಲ್ಲಿ, ಅಕ್ಕನ್ನ ಕರೀಬೇಡಿ, ಸ್ಪೀಕರ್ ಹಾಕಬೇಡಿ, ನಗಬೇಡಿ. ಇಡಬೇಡಿ. ಅವನು ಉಸಿರು... ಅಣ್ಣಾ? ಅತ್ತಿಗೆ, ಅವನ ಉಸಿರು ಕೇಳಿ, ಈಗ ಕೇಳಿ, ಈಗ...

... ಹಲೋ?